ಕೊರಕಲಿನಲ್ಲಿ ಕೊನೆಯ ಹುಲ್ಲುಬಂಡಿ

ಬಿಸಿಲು ಕೊರಕಲಿಗೆ ಬಿದ್ದು ಹಿಮ ಸಡಿಲವಾಗುವ ಮೊದಲು ಹುಲ್ಲು ಕೆಳಗಿಳಿಯಬೇಕಿತ್ತು. ಅದು ಇಳಿಯುವಾಗಲೇ ಪಟ್ಟಣದಿಂದ ಬಂದ ಫೋಟೊಗ್ರಾಫರ್ ಮಾರ್ಗಿತಾಳಿಗೆ ಫೋಟೊ ಸಿಗಬೇಕಿತ್ತು. ಲಿಪ್ತೋವ್ ಬೆಟ್ಟದ ನೆತ್ತಿಯಿಂದ ಹಿಮದ ಮೇಲೆ ಚಕ್ರವಿಲ್ಲದ ಹುಲ್ಲುಬಂಡಿ ಜಾರಿಸುವ ಕೆಲಸಕ್ಕೆ ಇದೇ ಕೊನೆಯ ದಿನ. ನಾಳೆಯಿಂದ ಹುಲ್ಲೆಲ್ಲ ಹೊಸ ಉಕ್ಕಿನ ತಂತಿಯ ಮೇಲೆ ತೂಗಿಕೊಂಡು ಇಳಿಯಲಿತ್ತು. ಅವಳ ಹತ್ತಿರ ಉಳಿದದ್ದು ಕ್ಯಾಮೆರಾದ ಎರಡೇ ಗಾಜಿನ ಪ್ಲೇಟು, ಅಂದರೆ ಎರಡೇ ಫೋಟೊ.

ಮುದುಕ ಇಮ್ರಿಖ್ ಬಂಡಿಯನ್ನು ಹಿಡಿದು ನಡೆಸುವ ಮುಂದಿನ ಎರಡು ಬಾಗುಮರಗಳ ನಡುವೆ ನಿಂತು ತೇಪೆಯ ಕೋಟು ಕಳಚಿದ. ಒಳಗೆ ಬೆಳ್ಳಗೆ ಒಗೆದ ಅಂಗಿ.

"ಅಯ್ಯೋ ಮಾವ, ಮದುವೆಗೆ ಹೊರಟ್ರಾ? ಕೋಟು ಹಾಕ್ಕೊಳ್ಳಿ. ನಂಗೆ ದುಡಿಯೋರು ಬೇಕು, ಮದುಮಗ ಅಲ್ಲ," ಎಂದಳು ಮಾರ್ಗಿತಾ.

"ಪಟ್ಟಣದೋಳು ಹೇಳಿದ ಮೇಲೆ ಮುಗೀತಲ್ಲ," ಎಂದು ಗೊಣಗುತ್ತ ಅವನು ಕೋಟು ಹಾಕಿಕೊಂಡ. ಹಿಂದೆ ತಡೆಸರಪಳಿ ಹಿಡಿದಿದ್ದ ಅವನ ಹೆಂಡತಿ ಜೋಫ್ಕಾಳ ಮುಖ ಬಿಗಿಯಿತು.

ಮಾರ್ಗಿತಾ ಮೊದಲ ತಿರುವಿಗಿಳಿದು ಕ್ಯಾಮೆರಾ ನಿಲ್ಲಿಸಿದಳು. ಬಂಡಿ ಬಂತು. ಗುಂಡಿ ಒತ್ತಿದಳು.

ಮರುಕ್ಷಣ ಬಂಡಿ ಕಲ್ಲಿಗೆ ಬಡಿಯಿತು. ಬಾಗುಮರ ಇಮ್ರಿಖನ ಭುಜಕ್ಕೆ ಅಪ್ಪಳಿಸಿ ಅವನನ್ನು ಹಿಮಕ್ಕೆಸೆಯಿತು.

"ಸರಪಳಿ! ಬಂಡಿ ಕೆಳಗೆ ತಳ್ಳೇ!" ಎಂದು ಬಿದ್ದಲ್ಲಿಂದಲೇ ಕೂಗಿದ. ಜೋಫ್ಕಾ ತಳ್ಳಿದಳು. ಬಂಡಿ ಕಿರುಗುಟ್ಟಿ ನಿಂತಿತು.

ಮಾರ್ಗಿತಾ ಓಡಿ ಬಂದಾಗ ಅವನ ತೋಳು ನೇತಾಡುತ್ತಿತ್ತು.

"ಮೊದ್ಲು ಈ ಕೋಟು ಬಿಚ್ಚು," ಎಂದ ಇಮ್ರಿಖ್.

"ನೋಯ್ತಿದೆಯಾ ಮಾವ?"

"ನೋವಿನ ಮಾತಲ್ಲ ಕಣೇ. ಈ ಕೊರಕಲಿಗೆ ಒಗೆದ ಅಂಗೀಲೇ ಇಳೀಬೇಕು. ಸತ್ರೆ ಬೇರೆಯೋರು ಬಟ್ಟೆ ಬದಲಾಯಿಸೋ ಕಷ್ಟ ಬೇಡ ಅಂತ. ನಮ್ಮಪ್ಪಾನೂ ಹಂಗೇ ಇಳಿದಿದ್ದು."

"ಹೇಳಬಾರದಿತ್ತಾ?"

"ನೀನು ಕೇಳಿದ್ಯಾ?" ಎಂದಳು ಜೋಫ್ಕಾ.

ನಾಚಿಕೆಯಿಂದ ಮಾರ್ಗಿತಾಳ ಮೈ ಹಿಡಿಯಾಯಿತು. ಹತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ, ರೈತರ ಬದುಕನ್ನು ಇದ್ದದ್ದು ಇದ್ದ ಹಾಗೆ ಉಳಿಸುತ್ತಿದ್ದೇನೆಂದು ಬೀಗಿದವಳು ಅವಳು. ಈಗ ಕೋಟು ಹಾಕಿಸಿ ತೆಗೆದದ್ದು ಶುದ್ಧ ಸುಳ್ಳು.

ಮೇಲಿನ ಬಂಡೆಗೆ ಬಿಸಿಲು ತಾಗಿ ಹಿಮ ತೊಟ್ಟಿಕ್ಕತೊಡಗಿತು. ಕೆಳಗೆ ಕೊಟ್ಟಿಗೆಯಲ್ಲಿ ದನಗಳಿಗೆ ಮೇವಿರಲಿಲ್ಲ.

"ಮುಂದೆ ನಾನು ಹಿಡೀತೀನಿ. ಸರಪಳಿಗೆ ಯಾರು?" ಎಂದು ಜೋಫ್ಕಾ ಅವಳನ್ನೇ ನೋಡಿದಳು.

ಸರಪಳಿ ಹಿಡಿದರೆ ಕೊನೆಯ ಫೋಟೊ ಕೈಬಿಟ್ಟಂತೆಯೇ.

"ನಾನು ಹಿಡೀತೀನಿ, ಅತ್ತೆ," ಎಂದಳು ಮಾರ್ಗಿತಾ.

ಜೋಫ್ಕಾ ತನ್ನ ಒಗೆದ ಬಿಳಿ ತಲೆವಸ್ತ್ರ ಬಿಚ್ಚಿ ಅವಳ ತಲೆಗೆ ಬಿಗಿದಳು. ಮಾರ್ಗಿತಾ ಕೊನೆಯ ಪ್ಲೇಟು ಹಾಕಿ, ಕ್ಯಾಮೆರಾವನ್ನು ಕೆಳಮುಖವಾಗಿ ತಿರುಗಿಸಿ, ಗುಂಡಿಯ ತಂತಿಯನ್ನು ಇಮ್ರಿಖನ ನೆಟ್ಟಗಿದ್ದ ಕೈಗೆ ಕೊಟ್ಟಳು.

"ಯಾವಾಗ ಒತ್ಲಿ?"

"ನಿಮಗೆ ಸರಿ ಅನ್ನಿಸಿದಾಗ ಮಾವ."

ಬಂಡಿ ಹೊರಟಿತು.

"ಎಡಕ್ಕೆ! ಕಾಲೂರು! ಬಿಡಬೇಡ್ವೇ!" ಜೋಫ್ಕಾ ಅರಚಿದಳು. ಸರಪಳಿ ಅಂಗೈ ಸುಲಿಯಿತು. ಹಿಂದೆ ಹಿಮ ದಡದಡ ಕುಸಿಯಿತು. ಮಾರ್ಗಿತಾ ಹಿಂದಕ್ಕೆ ತಿರುಗಿ, ಕಣ್ಣುಮುಚ್ಚಿ ಕಿರುಚಿದಳು, ಆದರೆ ಬಿಡಲಿಲ್ಲ. ಕಣ್ಣು ತೆರೆದಾಗ ಎದುರಿಗೆ ಕೊಟ್ಟಿಗೆ, ದನಗಳ ಕೂಗು.

ಊರಿನ ನಾಲ್ವರು ಹೋಗಿ ಇಮ್ರಿಖನನ್ನೂ ಕ್ಯಾಮೆರಾವನ್ನೂ ಹೊತ್ತು ತಂದರು.

ಮೊದಲ ಫೋಟೊವನ್ನು ಮಾರ್ಗಿತಾ ಯಾರಿಗೂ ಕೊಡಲಿಲ್ಲ. ಎರಡನೆಯದನ್ನು ವಾರದ ನಂತರ ತಂದು ತೋರಿಸಿದಳು. ಬೆಟ್ಟವೇ ಓರೆಯಾಗಿತ್ತು. ಹುಲ್ಲಿನ ಹಿಂದೆ ಬಿಳಿ ತಲೆವಸ್ತ್ರದ ಹೆಂಗಸೊಬ್ಬಳು ಬಾಯಿ ತೆರೆದು ಕಿರುಚುತ್ತಿದ್ದಳು.

"ಹಾಂ, ಹಿಂಗೇ ಇಳಿಯೋದು ನಾವು," ಎಂದ ಇಮ್ರಿಖ್.

ಅವಳು ಅದರ ಹಿಂದೆ ಬರೆದಳು: ತೆಗೆದವರು ಇಮ್ರಿಖ್, ಹುಲ್ಲುಬಂಡಿಯವರು.

"ಸರಿ ಹೋಯ್ತು, ಇನ್ನು ಮನೇಲಿ ಇವನನ್ನ ಹಿಡಿಯೋರ್ಯಾರು!" ಎಂದು ಜೋಫ್ಕಾ ಫೋಟೊವನ್ನು ಲಂಗದ ಅಂಚಿನಿಂದ ಒರೆಸಿ ಗೋಡೆಗೆ ಆನಿಸಿದಳು.