ಕಪ್ಪು-ಬಿಳಿ ತಟ್ಟೆ

ಇಪ್ಪತ್ತೆಂಟು ವರ್ಷದ ಹಿಂದೆ, ಕೆರೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯಲೋ ಬೇಡವೋ ಎಂದು ಹಿಂಜರಿದ ಹುಡುಗಿಗೆ ದೋಣಿಮಾವ ಒಂದು ಮಾತು ಕೊಟ್ಟಿದ್ದ. ‘ಈ ನೀರು ಕೆಟ್ಟ ದಿನ ಮೊದ್ಲು ನಿಂಗೇ ಬಂದು ಹೇಳ್ತೀನಿ. ಅಲ್ಲೀವರೆಗೂ ಧೈರ್ಯವಾಗಿ ಕುಡಿ.’

ಅವನು ಕೆರೆಯ ನೀರು ಪರೀಕ್ಷಿಸುವ ನೌಕರ, ಬೀದಿಯ ಮಕ್ಕಳಿಗೆಲ್ಲ ಮಾವ. ಆ ಹುಡುಗಿ ಈಗ ಅದೇ ಊರಿನ ಠಾಣೆಯ ಇನ್ಸ್‌ಪೆಕ್ಟರ್.

ಹದಿನಾಲ್ಕನೇ ತಾರೀಖು ಬೆಳಿಗ್ಗೆ 9.10ಕ್ಕೆ ನೀರು ಸರಬರಾಜಿನ ಎಂಜಿನಿಯರ್ ದೂರು ತಂದರು. ಎರಡು ದಿನಗಳಲ್ಲಿ ನಲವತ್ತಮೂರು ಜನ ವಾಂತಿಯಿಂದ ಆಸ್ಪತ್ರೆ ಸೇರಿದ್ದಾರೆ. ಎಂಟನೇ ತಾರೀಖಿನ ಪರೀಕ್ಷೆಯಲ್ಲಿ ಕೆರೆ ಚೆನ್ನಾಗಿಯೇ ಇತ್ತು. ಆಮೇಲೆ ಯಾರೋ ವಿಷ ಬೆರೆಸಿದ್ದಾರೆ. ಎಫ್‌ಐಆರ್ ದಾಖಲಾಯಿತು. ಪಟ್ಟಿಯ ಕೊನೆಯ ಹೆಸರು ಇನ್ಸ್‌ಪೆಕ್ಟರಳ ಏಳು ವರ್ಷದ ಮಗಳದು. ಈ ಕೇಸು ಬೇರೆಯವರಿಗೆ ಕೊಡಿ ಎಂದು ಅವಳು ಮೇಲಧಿಕಾರಿಗೆ ಫೋನು ಮಾಡಿದಳು.

‘ಆ ನೀರು ಕುಡಿಯದ ಇನ್ಸ್‌ಪೆಕ್ಟರ್‌ನ ಎಲ್ಲಿಂದ ತರ್ಲಮ್ಮ?’ ಎಂದು ಅವರು ಫೋನಿಟ್ಟರು.

11.40ಕ್ಕೆ ಕೆರೆಯ ದಡದಲ್ಲಿ ಪಂಚನಾಮೆ. ಡಬ್ಬಿಯಿಲ್ಲ, ಗಾಡಿಯ ಗುರುತಿಲ್ಲ. ಪ್ರಯೋಗಾಲಯದ ವಿಜ್ಞಾನಿ ನೀರು ನೋಡಿ, ಇದು ಯಾರೋ ಸುರಿದ ವಿಷವಲ್ಲ, ಪಾಚಿಯದು, ಇಷ್ಟಾಗಲು ಮೂರು ವಾರ ಬೇಕು ಎಂದರು. ದಡದಲ್ಲಿ ವರ್ಷವಿಡೀ ಒಂದಿಷ್ಟು ಹಸಿರು ಇದ್ದೇ ಇರುವುದರಿಂದ ಊರಿನವರಿಗೆ ತಿಳಿಯಲಿಲ್ಲ. ಆದರೆ ನಡುನೀರಿನಲ್ಲಿ ತಟ್ಟೆ ಇಳಿಸಿದವನಿಗೆ ತಿಳಿಯಲೇಬೇಕಿತ್ತು.

ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ, ಊಟದ ತಟ್ಟೆಯಷ್ಟಗಲದ ಬಿಲ್ಲೆ, ನಾಲ್ಕು ಭಾಗ, ಎರಡು ಕಪ್ಪು, ಎರಡು ಬಿಳಿ. ಹಗ್ಗಕ್ಕೆ ಕಟ್ಟಿ ಇಳಿಸಬೇಕು, ಕಣ್ಣಿಗೆ ಮರೆಯಾದ ಆಳವನ್ನು ಬರೆಯಬೇಕು. ಒಂದು ಮೀಟರಿಗಿಂತ ಕಡಿಮೆ ಬಂದರೆ ಅಂದೇ ಪಂಪು ಬಂದ್. ಎಲ್ಲದಕ್ಕೂ ವೇಳೆ ಬರೆಯುವ ಚಟದಿಂದ ‘ಗಡಿಯಾರ’ ಎನಿಸಿಕೊಂಡಿದ್ದ ಕಾನ್‌ಸ್ಟೇಬಲ್ ದೋಣಿಯಲ್ಲಿ ಹೋಗಿ ಇಳಿಸಿದ. ಅರವತ್ತು ಸೆಂಟಿಮೀಟರಿಗೇ ಮಾಯ. ದೋಣಿಮಾವನ ಪುಸ್ತಕದಲ್ಲಿ ಎಂಟನೇ ತಾರೀಖಿಗೆ ಎರಡು ಮೀಟರ್ ಇಪ್ಪತ್ತು ಎಂದಿತ್ತು. ಇನ್ಸ್‌ಪೆಕ್ಟರ್ ಹಿಂದಿನ ವರ್ಷದ ಪುಸ್ತಕ ತೆರೆದಳು. ಅದೇ ತಿಂಗಳು, ಎರಡು ಇಪ್ಪತ್ತು. ಹೀಗೆ ಏಳು ತಿಂಗಳು, ಒಂದು ಸೆಂಟಿಮೀಟರೂ ಆಚೀಚೆ ಇಲ್ಲದ ನಕಲು.

ಯಾರೋ ಹೇಳಿ ಬರೆಸಿರಬೇಕು ಎಂದುಕೊಂಡು ಎರಡು ದಿನ ಅವನ ಫೋನು, ಮನೆಗೆ ಬಂದುಹೋದವರು, ಎಲ್ಲ ಜಾಲಾಡಿದ್ದಾಯಿತು. ಏನೂ ಸಿಗಲಿಲ್ಲ. ಇಲಾಖೆಯ ಜೀಪಿನ ಚಾಲಕನ ಹೇಳಿಕೆಯಲ್ಲಿ ಇದ್ದದ್ದು ಬರೀ ಹೊಟ್ಟೆಯುರಿ.

‘ದೋಣೀಲಿ ಅವರೊಬ್ಬರೇ ಹೋಗೋದು ಮೇಡಂ. ಮೊದ್ಲೆಲ್ಲ ದೂರದಿಂದ್ಲೇ ಕೈ ಬೀಸೋರು. ಈಗ ಎದುರಿಗೇ ನಿಂತ್ರೂ ನಾವಾಗಿ ಮಾತಾಡ್ಸೋವರೆಗೂ ತುಟಿ ಬಿಚ್ಚಲ್ಲ. ದೊಡ್ಡ ಮನುಷ್ಯರಾಗ್ಬಿಟ್ಟಿದ್ದಾರೆ.’

ಆ ಸಂಜೆ ಅವಳು ಜಪ್ತಿಯಾದ ಹಗ್ಗವನ್ನು ಮೇಜಿನ ಮೇಲೆ ಎಳೆದುಕೊಂಡಳು. ಹತ್ತು ಸೆಂಟಿಮೀಟರಿಗೊಂದು ಕೆಂಪು ಬಣ್ಣದ ಗುರುತು ಸ್ಪಷ್ಟವಾಗಿಯೇ ಇತ್ತು. ಅದರ ಮೇಲೆಯೇ, ಪ್ರತಿ ಗುರುತಿಗೂ, ಹೊಸದಾಗಿ ನೂಲು ಸುತ್ತಿ ಹಾಕಿದ ಗಂಟು. ಕಣ್ಣಿದ್ದವನಿಗೆ ಗಂಟೇಕೆ? ಅವಳು ಇಬ್ಬರು ಪಂಚರನ್ನು ಕರೆಸಿ, ಅವರ ಎದುರಿಗೆ ತಟ್ಟೆಯ ಬಿಳಿ ಭಾಗಗಳಿಗೂ ಕಪ್ಪು ಬಣ್ಣ ಬಳಿಸಿದಳು.

ಹದಿನೇಳನೇ ತಾರೀಖು, ಬೆಳಿಗ್ಗೆ 7.30. ದೋಣಿಯಲ್ಲಿ ಮೂವರು. ದೋಣಿಮಾವ ಗೆರೆ ಎಳೆದ ಹಾಗೆ ನೇರ ನಡುನೀರಿಗೆ ಹುಟ್ಟು ಹಾಕಿದ. ತಟ್ಟೆಯನ್ನು ಎತ್ತಿಕೊಂಡು, ರೂಢಿಯಂತೆ ಅಂಗೈಯಿಂದ ಒಮ್ಮೆ ಒರೆಸಿದ. ಗಡಿಯಾರ ವೇಳೆ ಬರೆದುಕೊಂಡ. ತಟ್ಟೆ ನೀರಿಗಿಳಿಯಿತು.

‘ನಿಮಗೆ ಕಾಣ್ತಿದೆಯಾ?’ ದಾಖಲೆಗಾಗಿ ಅವಳು ‘ನೀವು’ ಎಂದಳು.

‘ಕಾಣ್ತಿದೆ.’

‘ಏನು ಕಾಣ್ತಿದೆ?’

‘ಬಿಳಿ. ಕಪ್ಪು ಮೊದ್ಲೇ ಹೋಗುತ್ತೆ, ಬಿಳಿ ಕೊನೇವರೆಗೂ ಇರುತ್ತೆ.’ ಗಂಟುಗಳು ಒಂದೊಂದಾಗಿ ಅವನ ಬೆರಳು ದಾಟಿದವು. ‘ಹಾಂ, ಈಗ ಹೋಯ್ತು. ಎರಡು ಇಪ್ಪತ್ತು.’

ಗಡಿಯಾರ ವೇಳೆ ಬರೆಯುವುದನ್ನೇ ಮರೆತ.

‘ಮಾವ, ತಟ್ಟೇಲಿ ಬಿಳಿ ಇಲ್ಲ. ನಿನ್ನೆ ನಾನೇ ಪೂರ್ತಿ ಕಪ್ಪು ಬಳಿಸ್ದೆ.’

ಅವನು ಹಗ್ಗವನ್ನು ಮೆಲ್ಲಗೆ ಮೇಲೆಳೆದು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ.

‘ಯಾವಾಗಿಂದ?’

‘ವರ್ಷ ಆಗ್ತಾ ಬಂತು. ನಡುವೆ ಪೂರ್ತಿ ಕತ್ತಲು, ಅಂಚಲ್ಲಿ ಒಂಚೂರು ಬೆಳಕು. ಹಿಂದಿನ ವರ್ಷದ ಅಂಕಿ ಬಾಯಿಪಾಠ ಇತ್ತು, ಕೈ ಅಂದಾಜಲ್ಲೇ ಬರೀತಿತ್ತು.’

‘ಇಲಾಖೆಗೆ ಹೇಳ್ಬಹುದಿತ್ತು.’

‘ಹೇಳಿದ್ರೆ ಒಂದು ಕುರ್ಚಿ ಹಾಕಿ ಕೂರಿಸೋರು. ಮನೇಲಿ ಬಚ್ಚಲಿಗೂ ನಿಮ್ಮತ್ತೆ ಕೈ ಹಿಡ್ಕೊಂಡು ಕರ್ಕೊಂಡ್ ಹೋಗ್ತಾಳೆ. ಇಲ್ಲಿ ಮಾತ್ರ ಯಾರೂ ಹಿಡೀಬೇಕಾಗಿರ್ಲಿಲ್ಲ, ಪುಟ್ಟಿ.’ ತಟ್ಟೆಯ ಮೇಲೆ ಕೈಯಾಡಿಸುತ್ತ ಕೇಳಿದ: ‘ನಿನ್ ಮಗಳೂ ಆಸ್ಪತ್ರೇಲಿದಾಳಂತೆ?’

‘ನಿನ್ನೆಯಿಂದ ಕುಡಿದದ್ದು ಹೊಟ್ಟೇಲಿ ನಿಲ್ತಿದೆ.’

ಅವನು ತಲೆಯಾಡಿಸಿದ. ಹುಟ್ಟು ಗಡಿಯಾರನ ಕೈಗೆ ಹೋಯಿತು.

8.25ಕ್ಕೆ ಬಂಧನ. ದಡದ ಹಲಗೆಗೆ ಕಾಲಿಡಲು ಹೋಗಿ ಅವನು ಗಾಳಿಯಲ್ಲಿ ಕಾಲಾಡಿಸಿದ. ಇನ್ಸ್‌ಪೆಕ್ಟರ್ ಕೈ ಹಿಡಿದು ಇಳಿಸಿದಳು, ಜೀಪಿನವರೆಗೂ ಬಿಡಲಿಲ್ಲ. ಬೇಡಿ ಹಾಕಲಿಲ್ಲ ಎಂದು ಗಡಿಯಾರ ಡೈರಿಯಲ್ಲಿ ಬರೆದ.

ವರದಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಅವಳು ಬರೆದದ್ದು ಇಷ್ಟು: ದೃಷ್ಟಿ ಹೋದದ್ದನ್ನು ಮುಚ್ಚಿಡಲು ಸುಳ್ಳು ದಾಖಲೆ, ಆಮಿಷ ಕಂಡುಬಂದಿಲ್ಲ.

ನೀರು ಕೆಟ್ಟ ದಿನ ಮೊದಲು ಅವಳಿಗೇ ಬಂದು ಹೇಳುತ್ತೇನೆಂದಿದ್ದ. ದೋಣಿಮಾವ ಬಂದು ಹೇಳಲಿಲ್ಲ.