ಹುಲ್ಲಿನಲ್ಲಿಟ್ಟ ಕೌಜುಗ

ಗಂಗೋತ್ರಿ ಸಂಜೆ ಇಟ್ಟುಹೋದ ಸತ್ತ ಕೌಜುಗಗಳು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತಿದ್ದವು.

ಕುರುಗೋಡು ಗುಡ್ಡದ ಮೇಲೆ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳಿಗೆ ಬಡಿದು ಎಷ್ಟು ಹಕ್ಕಿ ಸಾಯುತ್ತವೆ ಎಂದು ತಿಳಿಯುವುದು ಅವಳ ಕೆಲಸ. ಸತ್ತವುಗಳಲ್ಲಿ ಕೆಲವನ್ನು ನಾಯಿ, ನರಿ ಒಯ್ಯುತ್ತವೆ. ಎಷ್ಟು ಒಯ್ಯುತ್ತವೆಂದು ಅಂದಾಜು ಮಾಡಲೆಂದೇ ಸಿರುಗುಪ್ಪದ ಫಾರಂನಿಂದ ಸತ್ತ ಕೌಜುಗ ತಂದು, ಯಾರಿಗೂ ಹೇಳದೆ ಹುಲ್ಲಿನಲ್ಲಿ ಇಡುತ್ತಿದ್ದಳು. ಈ ಲೆಕ್ಕದ ರಿಪೋರ್ಟ್ ಕೊಟ್ಟರೆ ತಮಿಳುನಾಡಿನ ಕಡೆ ಸಮುದ್ರದೊಳಗೆ ಬರಲಿರುವ ಫ್ಯಾನುಗಳಿಂದ ಕಡಲಹಕ್ಕಿಗಳಿಗೆ ಏನಾಗುತ್ತದೆಂದು ನೋಡುವ ತಂಡದಲ್ಲಿ ಅವಳಿಗೂ ಜಾಗ.

"ಭೀಮರಾಜ್, ಇಲ್ಲಿ ನಾಯಿ ಭಾಳ ಅದಾವೇನ್ರಿ?"

ಫ್ಯಾನು ರಿಪೇರಿಯ ಭೀಮರಾಜ ಫ್ಲಾಸ್ಕಿನಿಂದ ಚಹಾ ಸುರಿಯುತ್ತಿದ್ದ. ಅವಳು ಬೇರೆಡೆ ನೋಡಿದಾಗ ಮಾತ್ರ ಅವಳನ್ನು ಕಣ್ತುಂಬ ನೋಡುವುದು ಅವನ ರೂಢಿ. ಅದು ಗೊತ್ತಿದ್ದೇ ಅವಳು ಆಗಾಗ ಬೇರೆಡೆ ನೋಡುತ್ತಿದ್ದಳು.

"ಇಲ್ರಿ ಮೇಡಂ. ಯಾಕ್ರಿ?"

"ನಾ ಇಟ್ಟ ಹಕ್ಕಿ ಒಂದೂ ಉಳೀವಲ್ದು. ಹಂಗಾದ್ರ ಫ್ಯಾನಿಗೆ ಸತ್ತವೂ ಹಿಂಗೇ ಮಾಯ ಆಗ್ಯಾವು ಅಂತ ಲೆಕ್ಕ. ಈ ಗುಡ್ಡ ಹಕ್ಕಿಗಳ ಕಸಾಯಿಖಾನಿ ಅಂತ ಇವತ್ತು ಬರದು ಕಳಸ್ತೀನಿ."

ಚಹಾ ಲೋಟ ತುಂಬಿ ಚೆಲ್ಲಿತು.

"ಅವು ನೀವು ಇಟ್ಟವೇನ್ರಿ?"

ಸುಮ್ಮನಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಅವಳ ರಿಪೋರ್ಟ್ ಸುಳ್ಳಾಗುತ್ತಿತ್ತು.

"ನಾನೇ ಹುಗದೀನ್ರಿ," ಎಂದ.

"ಫ್ಯಾನಿನ ಕಂಪನಿಯವ್ರು ಹೇಳಿದ್ರೇನು, ಸತ್ತಿದ್ದು ಮುಚ್ಚಿಡು ಅಂತ?"

"ಇಲ್ರಿ. ಮೊದಲ ದಿನ ಸತ್ತ ಗೂಬಿ ನೋಡಿ ನೀವು ಆ ಕಡಿ ತಿರುಗಿ ಅತ್ರಿ. ನನಗ ತಡ್ಕಳಾಕ ಆಗಲಿಲ್ಲ. ಅದಕ್ಕೇ ದಿನಾ ನಿಮಗಿಂತ ಮುಂಚೆ ಬಂದು, ಸಿಕ್ಕವನ್ನೆಲ್ಲ ಮಣ್ಣು ಮಾಡ್ತಿದ್ದೆ. ನೀವಂದ್ರ ನನಗ ಜೀವ ರೀ."

ಗಂಗೋತ್ರಿ ರಿಪೋರ್ಟಿನ ಹಾಳೆ ಮಡಚಿಟ್ಟಳು. ತಿಂಗಳುಗಟ್ಟಲೆಯ ಕೆಲಸ ನೀರುಪಾಲಾಗಿತ್ತು. ಸಿಟ್ಟು ಬಂದಿತ್ತು, ಅದರ ಜೊತೆಗೇ ಎದೆ ತುಂಬಿತ್ತು.

"ಮತ್ತ ಮೊದಲಿಂದ ಮಾಡ್ಬೇಕು. ಈ ಸಲ ಸಮುದ್ರಕ್ಕ ತಂಡದವ್ರು ನನ್ನ ಬಿಟ್ಟು ಹೋಗ್ತಾರ."

"ತಪ್ಪಾತ್ರಿ."

"ದೊಡ್ಡ ತಪ್ಪು. ಹುಗದಿದ್ದು ಎಲ್ಲೆಲ್ಲಿ ಅಂತ ತೋರಸ್ರಿ."

ಮಧ್ಯಾಹ್ನದವರೆಗೂ ಇಬ್ಬರೂ ಕೂಡಿ ಅಗೆದರು. ಪ್ರತಿ ಹಕ್ಕಿಯ ಮೇಲೂ ಅವನು ಬೇವಿನ ಸೊಪ್ಪು ಹಾಕಿದ್ದ. ಅದನ್ನು ಕಂಡು ಅವಳು ಮತ್ತೆ ಅತ್ತಳು. ಈ ಸಲ ಆ ಕಡೆ ತಿರುಗಲಿಲ್ಲ.

"ಸಮುದ್ರದಾಗ ಸತ್ತ ಹಕ್ಕಿ ನೀರಿನ ಪಾಲು. ಅಲ್ಲಿ ಮುಚ್ಚಿಡಾಕ ಆಗಂಗಿಲ್ಲ ನಿಮಗ," ಎಂದಳು ಮೂಗು ಒರೆಸಿಕೊಳ್ಳುತ್ತ.

"ನಾನ್ಯಾಕ ಅಲ್ಲಿರ್ತೀನ್ರಿ?"

"ಅಲ್ಲಿ ಫ್ಯಾನು ಕೆಡೂದಿಲ್ಲೇನು? ಮುಂದಿನ ವರ್ಷ ನಾ ಹೋಗ್ತೀನಿ. ಬರ್ತೀರೋ ಇಲ್ಲೋ?"

"ಬರ್ತೀನ್ರಿ," ಎಂದ ಭೀಮರಾಜ. ಹೇಳುವಾಗ ಅವಳನ್ನು ನೇರವಾಗಿ ನೋಡಿದ. ಅವಳು ಬೇರೆಡೆ ನೋಡಲಿಲ್ಲ.