ಗಂಟೆಯ ನಂತರ ಹಾಕಿದ ಪುಟ್ಟಿ

ದಿನಾಂಕ 13-10-2025, ಸೋಮವಾರ, ಬೆಳಿಗ್ಗೆ 9.20. ಜಕ್ಕೂರಿನ ಸುಬ್ಬಮ್ಮ, ವಯಸ್ಸು ಅರವತ್ತೆರಡು, ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಠಾಣೆಯೊಳಗೆ ಬಂದರು. ಪೊಲೀಸ್ ಠಾಣೆಗೆ ಚಪ್ಪಲಿ ಬಿಟ್ಟು ಬರಬೇಕಾಗಿಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ. ದೂರು ಬರೆದುಕೊಳ್ಳಲು ಕೂತಿದ್ದವಳು ಹೆಡ್ ಕಾನ್ಸ್‌ಟೇಬಲ್ ರಾಧಾಮಣಿ. ಹದಿನೇಳು ವರ್ಷದ ಸರ್ವಿಸು, ಮುತ್ತು ಪೋಣಿಸಿದ ಹಾಗೆ ಕೈಬರಹ. ಆ ಕೈಬರಹದ ದೆಸೆಯಿಂದ ಠಾಣೆಯ ಬರವಣಿಗೆಯೆಲ್ಲ ಅವಳ ತಲೆಗೇ ಬೀಳುತ್ತಿತ್ತು.

"ಏನಾಯ್ತು ಹೇಳಿ ಅಮ್ಮ."

"ನನ್ ಮಗನ್ನ ಮಣ್ಣಲ್ಲಿ ಹೂತಾಕ್‌ಬಿಟ್ರು. ಅಶ್ವತ್ಥ್ ಅಂತ. ಆಸ್ಪತ್ರೇಲಿ ಮೆಷಿನ್ ಇಟ್ಟವ್ರೆ, ಕಣ್ಣು ಬಿಟ್ಟಿಲ್ಲ."

"ಹೂತಿದ್ದು ಯಾರು?"

"ಎಲ್ರೂ."

ಎಫ್‌ಐಆರ್‌ನಲ್ಲಿ ಆರೋಪಿಯ ಹೆಸರು ಬರೆಯುವ ಜಾಗ ಒಂದೂವರೆ ಇಂಚಿರುತ್ತದೆ. ಅಲ್ಲಿ 'ಎಲ್ಲರೂ' ಎಂದು ಬರೆಯಲು ಬರುವುದಿಲ್ಲ. ರಾಧಾಮಣಿ ಅದನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದಳು.

"ಅವ್ನು ಗಂಟೆ ಹೊಡ್ದಿರ್ತಾನೆ ಕಣಮ್ಮ," ಎಂದರು ಸುಬ್ಬಮ್ಮ. "ಉಸಿರು ಕಟ್ಟಿದ್ರೆ ಗಂಟೆ ಹೊಡೀತೀನಿ, ಎಲ್ರೂ ನಿಲ್ಲಿಸ್ತಾರೆ, ನೀನು ಹೆದರ್ಬೇಡ ಅಂತ ನಂಗೆ ಹೇಳಿ ಹೋಗಿದ್ದ. ಅಷ್ಟು ಜನ ಇದ್ರಲ್ಲ, ಒಬ್ರಿಗೂ ಕೇಳಿಸ್ಲಿಲ್ವಾ?"

ರಾಧಾಮಣಿಯ ಪೆನ್ನು ನಿಂತಿತು. ಗಂಟೆ ಅವಳಿಗೆ ಕೇಳಿಸಿತ್ತು. ಕೇಳಿಸಿದ ಮೇಲೂ ಅವಳು ಮಣ್ಣು ಹಾಕಿದ್ದಳು. ಉಗುರಿನ ಸಂದಿಯಲ್ಲಿ ಆ ಕೆಮ್ಮಣ್ಣು ಇನ್ನೂ ಇತ್ತು. ಅವಳು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡು, "ವಿಚಾರ್ಸ್ತೀವಮ್ಮ" ಎಂದಳು.

ನಡೆದದ್ದು ಇಷ್ಟು. ಅಟ್ಟೂರಿನಾಚೆ ಹಿಂದೆ ಮಳೆನೀರು ನಿಲ್ಲುವ ಒಂದು ಕುಂಟೆಯಿತ್ತು. ಅದು ಮುಚ್ಚಿ ಲೇಔಟಾಗಿ ಹದಿನೈದು ವರ್ಷವಾಯಿತು. ಮುಚ್ಚಿದವರು ಯಾರೆಂದು ಕೇಳಿದರೆ ಯಾರೂ ಅಲ್ಲ. ಒಬ್ಬ ಒಂದು ಟ್ರಾಕ್ಟರ್ ಮಣ್ಣು ಸುರಿದ, ಇನ್ನೊಬ್ಬ ಹಳೇ ಗೋಡೆ ಕೆಡವಿ ತಂದು ಹಾಕಿದ, ಉಳಿದವರು ದಿನಕ್ಕೊಂದು ಕವರ್ ಕಸ ಎಸೆದರು. ಅಶ್ವತ್ಥನೂ ಅವನ ಗೆಳೆಯ ಜಗನ್ನನೂ ಹತ್ತು ವರ್ಷದಿಂದ ಪರ್ಫಾರ್ಮೆನ್ಸ್ ಎಂಬ ಕಲೆ ಮಾಡುತ್ತಿದ್ದವರು. ಅದರಲ್ಲಿ ನೋಡಲು ಬಂದವರು ಕೈಕಟ್ಟಿ ಕೂರುವಂತಿಲ್ಲ, ತಾವೂ ಏನಾದರೂ ಮಾಡಬೇಕು. ಭಾನುವಾರ ಸಂಜೆ ಅಲ್ಲಿ ಉಳಿದಿದ್ದ ಒಂದೇ ಖಾಲಿ ಸೈಟಿನಲ್ಲಿ ಗುಂಡಿ ತೋಡಿ, ಒಳಗೆ ಸಿಮೆಂಟ್ ರಿಂಗ್ ಇಳಿಸಿ, ಅಶ್ವತ್ಥ ಅದರಲ್ಲಿ ತಲೆಯ ಮೇಲೆ ಬಿಳಿ ಬಟ್ಟೆ ಹೊದ್ದು ಕೂತ. ಕುಂಟೆ ಅವನೇ. ಬಂದವರು ಒಬ್ಬೊಬ್ಬರು ಒಂದು ಪುಟ್ಟಿ ಮಣ್ಣು ಹಾಕಿ, ಮುಚ್ಚುವ ಕೆಲಸದಲ್ಲಿ ತಮ್ಮ ಪಾಲು ಎಷ್ಟೆಂದು ತಾವೇ ಕಂಡುಕೊಳ್ಳಬೇಕು. ಮೂವತ್ತು ಜನ ಬಂದಾರು, ಮಣ್ಣು ಸೊಂಟದ ತನಕ ಏರೀತು ಎಂಬುದು ಅವರ ಲೆಕ್ಕ. ಬಂದವರು ಅರವತ್ತೊಂದು.

ಇನ್ಸ್‌ಪೆಕ್ಟರ್ ನಾಗಭೂಷಣ ಹತ್ತೂವರೆಗೆ ಬಂದರು. ದೂರು ಓದಿ, ಕನ್ನಡಕ ತೆಗೆದು ಒರೆಸಿದರು.

"ನಿನ್ನೆ ಅಲ್ಲಿ ಬಂದೋಬಸ್ತ್ ನಿಮ್ದೇ ಅಲ್ವೇನ್ರೀ?"

"ಹೌದು ಸಾರ್."

"ಎಲ್ಲಿದ್ರಿ?"

"ಲೇಔಟ್ ಆರ್ಚ್ ಹತ್ರ ಸಾರ್. ಕೂಗು ಕೇಳಿ ಓಡ್ದೆ. ಮಣ್ಣು ತೆಗೆಯೋಕೆ ನಾನೂ ಸೇರ್ಕೊಂಡೆ."

ಆರ್ಚಿನಿಂದ ಗುಂಡಿಗೆ ಇನ್ನೂರು ಮೀಟರು. "ಹಾಗಾದ್ರೆ ನೀವು ಸಾಕ್ಷಿ ಅಲ್ಲ. ಬನ್ನಿ, ಪಂಚನಾಮೆ ಬರೀಬೇಕು," ಎಂದು ಅವರು ಜೀಪಿನ ಕಡೆ ನಡೆದರು. ಒಂದೇ ಒಂದು ಸುಳ್ಳು. ಎಷ್ಟು ಸಲೀಸಾಗಿ ಬಂತೆಂದು ರಾಧಾಮಣಿಗೇ ಆಶ್ಚರ್ಯವಾಯಿತು.

ಬೆಳಿಗ್ಗೆ 11.40ರಿಂದ 1.15ರವರೆಗೆ ಸ್ಥಳ ಪಂಚನಾಮೆ. ರಿಂಗಿನ ಅಗಲ ಎರಡೂವರೆ ಅಡಿ. ಶನಿವಾರದ ಮಳೆಗೆ ನೆನೆದು ಭಾರವಾದ ಮಣ್ಣು, ಅಂದಾಜು ನೂರೈವತ್ತು ಪುಟ್ಟಿ. ಬಿದಿರು ಗಳಕ್ಕೆ ನೇತುಹಾಕಿದ ಹಿತ್ತಾಳೆ ಗಂಟೆ, ಅದರ ನಾಲಗೆಗೆ ಕಟ್ಟಿದ ದಾರ, ದಾರದ ಇನ್ನೊಂದು ತುದಿ ಗುಂಡಿಯೊಳಗೆ. ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿ ಸೀಲ್ ಮಾಡುವಾಗ ಅದು ಒಮ್ಮೆ ಸದ್ದು ಮಾಡಿತು. ರಾಧಾಮಣಿ ಬರೆಯುವುದನ್ನು ಬಿಟ್ಟು ಬೇಲಿಯ ತನಕ ಹೋಗಿ ಬಂದಳು.

ಜಗನ್ನನ ಹತ್ತಿರ ಒಂದು ಟೈಪ್ ಮಾಡಿದ ಹಾಳೆ ಸಿಕ್ಕಿತು. ಜನರಿಗೆ ಮೈಕಿನಲ್ಲಿ ಓದಿ ಹೇಳಬೇಕಾದ ಐದು ಸೂಚನೆಗಳು. ನಾಲ್ಕನೆಯದು: 'ಗಂಟೆ ಬಾರಿಸಿದ ಕೂಡಲೇ ಎಲ್ಲರೂ ನಿಲ್ಲಿಸಿ, ಮಣ್ಣು ತೆಗೆಯಿರಿ.'

"ಇದನ್ನ ಓದಿದ್ರಾ?" ನಾಗಭೂಷಣ ಕೇಳಿದರು.

"ಐದೂ ಓದಿದೀನಿ ಸಾರ್." ಜಗನ್ನನಿಗೆ ನಲವತ್ತು ದಾಟಿತ್ತು. ಎರಡು ದಿನದಿಂದ ಬದಲಿಸದ ಅಂಗಿ, ಅಂಗಿಯ ಮೇಲೂ ಮಣ್ಣು.

"ಎಷ್ಟೊತ್ತಿಗೆ?"

"ನಾಲ್ಕೂ ನಲವತ್ತು. ಶುರುವಾಗೋಕೆ ಮುಂಚೆ."

"ಗಂಟೆ ಬಾರಿಸ್ತಾ?"

"ಜನರ ಗಲಾಟೆ ಇತ್ತು. ನಂಗೆ ಗಮನ ಇರ್ಲಿಲ್ಲ."

ಅವನು ಉತ್ತರ ಕೊಡುತ್ತಿದ್ದದ್ದು ಇನ್ಸ್‌ಪೆಕ್ಟರಿಗೆ, ನೋಡುತ್ತಿದ್ದದ್ದು ರಾಧಾಮಣಿಯನ್ನು. ಅವಳು ತಲೆ ಎತ್ತದೆ ಬರೆದುಕೊಂಡಳು.

ಆಮೇಲೆ ಹೇಳಿಕೆಗಳು. ಸೋಮವಾರ ಸಂಜೆ, ಮಂಗಳವಾರ ಇಡೀ ದಿನ, ನಲವತ್ತಮೂರು ಜನ. ಎಲ್ಲರೂ ಒಂದೇ ಪುಟ್ಟಿ ಹಾಕಿದವರು, ಅದೂ ಅರ್ಧ. ಎಲ್ಲರೂ ಮೊದಲೇ ಹಾಕಿ ಪಕ್ಕಕ್ಕೆ ಸರಿದವರು. ನಾಗಭೂಷಣ ಕೂಡಿಸಿ ನೋಡಿದರೆ ಐವತ್ತು ಪುಟ್ಟಿ ದಾಟುತ್ತಿರಲಿಲ್ಲ. "ಮಿಕ್ಕಿದ್ದು ಆಕಾಶದಿಂದ ಉದುರ್ತೇನ್ರೀ?" ಎಂದು ಅವರು ಫೈಲನ್ನು ಮೇಜಿಗೆ ಕುಕ್ಕಿದರು. ಮೈಕಿನಲ್ಲಿ ಏನು ಹೇಳಿದರೆಂದು ಕೇಳಿದರೆ, ಖರಖರ ಅಂತಿತ್ತು, ಕೇಳಿಸಲಿಲ್ಲ ಎಂದವರೇ ಹೆಚ್ಚು.

ಬಾಯಿಬಿಟ್ಟವರು ಮುನಿಶಾಮಮ್ಮ ಒಬ್ಬರೇ. ಅಟ್ಟೂರಿನವರು, ಎಪ್ಪತ್ತರ ಮುದುಕಿ, ಕುಂಟೆಯಲ್ಲಿ ಬಟ್ಟೆ ಒಗೆದವರು.

"ಎಷ್ಟ್ ಪುಟ್ಟಿ ಹಾಕಿದ್ರಿ ಅಜ್ಜಿ?" ನಾಗಭೂಷಣ ಕೇಳಿದರು.

"ಮೂರು. ಬಿಳೀ ಬಟ್ಟೆ ಒದ್ಸವ್ರೆ, ಗುಂಡಿ ತೆಗ್ದವ್ರೆ. ಮಣ್ಣಿಗೋದ್ರೆ ಮೂರು ಇಡಿ ಆಕಲ್ವಾ, ಅಂಗೇ. ನಮ್ಮೂರೋರೆಲ್ಲಾ ಮೂರ್ಮೂರೇ ಆಕುದ್ದು."

"ಗಂಟೆ ಕೇಳಿಸ್ತಾ?"

"ಕೇಳುಸ್ತು. ಮಣ್ಣು ಮಾಡ್ವಾಗ ಜಾಗಟೆ ಒಡೀತಾರಲ್ಲ, ಅಂಗ್ ಅಂದ್ಕಂಡೆ. ಆದ್ರೂ ಯಾಕೋ ಎಲ್ರೂ ಒಂದ್ ಗಳಿಗೆ ನಿಂತ್ಕಂಡ್ರು."

"ಆಮೇಲೆ?"

"ಆಮೇಲೆ ಯಾರೋ ಒಬ್ರು ಆಕುದ್ರು. ಅವ್ರು ಆಕುದ್ಮೇಲೆ ನಾವೂ ಆಕುದ್ವಿ."

"ಯಾರು?"

ಮುನಿಶಾಮಮ್ಮ ಬರೆದುಕೊಳ್ಳುತ್ತಿದ್ದವಳ ಕಡೆ ಒಮ್ಮೆ ನೋಡಿದರು. ಭಾನುವಾರ ಸಾಲಿನಲ್ಲಿ ಅವರು ನಿಂತಿದ್ದದ್ದು ರಾಧಾಮಣಿಯ ಬೆನ್ನಹಿಂದೆಯೇ. "ನೆಪ್ಪಿಲ್ಲಪ್ಪ," ಎಂದು ಎದ್ದು ಸೆರಗು ಕೊಡವಿದರು.

ಆ ಮುದುಕಿ ತನ್ನನ್ನು ಉಳಿಸಿದರೆಂದು ರಾಧಾಮಣಿಗೆ ಗೊತ್ತಾಯಿತು. ಖುಷಿಯಾಗಬೇಕಿತ್ತು, ಮೈಯೆಲ್ಲ ಉರಿಯಿತು. ಭಾನುವಾರ ಅವಳು ಆರ್ಚಿನ ಹತ್ತಿರ ನಿಂತು ನಿಂತು ಬೇಸರವಾಗಿ, ಕಾರ್ಯಕ್ರಮ ಶುರುವಾಗುವ ಮೊದಲೇ ಬಂದು ಸ್ಪೀಕರಿನ ಪಕ್ಕ ನಿಂತಿದ್ದಳು. ಜನ ಕರೆದರೆಂದು ಸಾಲಿಗೆ ಸೇರಿದ್ದಳು. ಗಂಟೆ ಬಾರಿಸಿದಾಗ ತುಂಬಿದ ಪುಟ್ಟಿ ಅವಳ ಕೈಯಲ್ಲಿತ್ತು, ಎಲ್ಲರ ಕಣ್ಣು ಅವಳ ಮೇಲಿತ್ತು. ಏನೋ ಸರಿಯಿಲ್ಲ ಎಂದು ಅನಿಸಿದ್ದು ನಿಜ. ಕೇಳಿಬಿಡೋಣ ಎಂದುಕೊಂಡದ್ದೂ ನಿಜ. ಆದರೆ ಕಾರ್ಯಕ್ರಮದವನೇ ಆದ ಜಗನ್ ಕ್ಯಾಮೆರಾ ಹಿಡಿದು ಸುಮ್ಮನೆ ನಿಂತಿದ್ದಾನೆ, ತನಗೆ ತಿಳಿಯದ ಕಲೆಯ ನಡುವೆ ತಾನು ಬಾಯಿ ಹಾಕಿ ನಗೆಪಾಟಲಾಗುವುದೇಕೆ? ಹಿಂದಿನಿಂದ ಮುನಿಶಾಮಮ್ಮ, "ಆಕವ್ವ, ಎಷ್ಟೊತ್ತು ಇಡ್ಕಂಡಿರ್ತೀಯ" ಎಂದರು. ಆ ಪುಟ್ಟಿಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವಳು ಗುಂಡಿಗೆ ಸುರಿದಳು.

ಮಂಗಳವಾರ ಮಧ್ಯಾಹ್ನ 3.10ಕ್ಕೆ ಅಶ್ವತ್ಥ ಆಸ್ಪತ್ರೆಯಲ್ಲಿ ತೀರಿಕೊಂಡ. ಎದೆಯ ಸುತ್ತ ಒದ್ದೆ ಮಣ್ಣು ಬಿಗಿದು ಉಸಿರಾಡಲು ಆಗಿಲ್ಲ ಎಂದು ಮರಣೋತ್ತರ ಪರೀಕ್ಷೆಯ ವರದಿ. ಗಾಯದ ಕಲಂ ತೆಗೆದು ನಿರ್ಲಕ್ಷ್ಯದಿಂದ ಸಾವು ಎಂಬ ಕಲಂ ಸೇರಿಸಲು ನ್ಯಾಯಾಲಯಕ್ಕೆ ವಿನಂತಿ ಹೋಯಿತು. ಅದನ್ನು ಬರೆದದ್ದೂ ಅದೇ ಮುತ್ತಿನಂಥ ಕೈಬರಹ.

ಬುಧವಾರ ಜಗನ್ನನ ಕ್ಯಾಮೆರಾದ ವಿಡಿಯೊ ನೋಡಿದರು. ಅದು ಶುರುವಾಗುವುದೇ ಸೂಚನೆಗಳು ಮುಗಿದ ಮೇಲೆ. ಚೌಕಟ್ಟಿನಲ್ಲಿ ಗುಂಡಿ, ಬಿಳಿ ಬಟ್ಟೆ ಮತ್ತು ಸುರಿಯುವ ಪುಟ್ಟಿಗಳು ಮಾತ್ರ. ಯಾರ ಮುಖವೂ ಇಲ್ಲ. 5.31ಕ್ಕೆ ಗಂಟೆ. ಪುಟ್ಟಿಗಳು ನಿಂತವು. ನಾಗಭೂಷಣ ಗಡಿಯಾರ ನೋಡಿಕೊಂಡು ಎಣಿಸಿದರು. ಹನ್ನೊಂದು ಸೆಕೆಂಡು ಬಿಳಿ ಬಟ್ಟೆಯೊಂದೇ ಅಲ್ಲಾಡುತ್ತಿತ್ತು. ಆಮೇಲೆ ಅಂಚಿನಿಂದ ಒಂದು ಪುಟ್ಟಿ ಬಂದು ಬೋರಲಾಯಿತು, ಅದರ ಹಿಂದೆಯೇ ಮೂರು, ನಾಲ್ಕು. 5.34ಕ್ಕೆ ಮತ್ತೆ ಗಂಟೆ. 5.36ಕ್ಕೆ ಇನ್ನೊಮ್ಮೆ, ಕೇಳಿಯೂ ಕೇಳಿಸದಷ್ಟು. 5.40ಕ್ಕೆ ಜಗನ್ನನ ಕೂಗು.

"ಈ ಮೊದಲನೇ ಪುಟ್ಟಿ ಯಾರದ್ದೋ," ಎಂದರು ನಾಗಭೂಷಣ.

ರಾಧಾಮಣಿ 5.31 ಎಂದು ಬರೆದುಕೊಂಡಳು. ಎದುರಿಗಿದ್ದ ಟೀ ಆರಿ ಕೆನೆಗಟ್ಟಿತ್ತು.

ಗುರುವಾರ, 16ನೇ ತಾರೀಖು, ಬೆಳಿಗ್ಗೆ 10.05. ನಾಗಭೂಷಣ ಫೈಲ್ ಮುಚ್ಚಿ ಹೇಳಿದರು: "ಜಗನ್ ಓದಿದೀನಿ ಅಂತಾನೆ. ಹಾಳೇಲೂ ಇದೆ. ಓದಿಲ್ಲ ಅಂತ ಗಟ್ಟಿಯಾಗಿ ಹೇಳೋರು ಒಬ್ರೂ ಇಲ್ಲ. ಅವನು ಓದಿದ್ರೆ, ಕೇಳಿಸ್ಕೊಳ್ದೇ ಇದ್ದ ಜನರದ್ದೇ ತಪ್ಪು. ಅರವತ್ತೊಂದು ಜನರನ್ನ ಒಳಗೆ ಹಾಕೋಕಾಗುತ್ತಾ? ಆಕಸ್ಮಿಕ ಅಂತಾನೇ ಮುಗಿಸ್ಬೇಕಾಗುತ್ತೆ."

ಮುಗಿಯುತ್ತದೆ. ಕುಂಟೆ ಮುಗಿದ ಹಾಗೇ ಇದೂ, ಮುಚ್ಚಿದವರು ಯಾರೂ ಇಲ್ಲದೆ. ರಾಧಾಮಣಿಯ ಹದಿನೇಳು ವರ್ಷದ ಸರ್ವಿಸಿಗೂ ಏನೂ ಆಗುವುದಿಲ್ಲ.

"ಅವನು ನಾಲ್ಕನೇದು ಓದ್ಲಿಲ್ಲ ಸಾರ್."

"ಯಾರು ಹೇಳಿದ್ದು?"

"ನಾನೇ ಕೇಳಿಸ್ಕೊಂಡೆ. ಸ್ಪೀಕರ್ ಪಕ್ಕದಲ್ಲಿದ್ದೆ. ಮೂರು ಓದ್ದ, ಹಾಳೆ ನೋಡ್ದ, ಆಮೇಲೆ ಐದನೇದು ಓದ್ದ."

"ಆರ್ಚ್ ಹತ್ರ ಇದ್ದೆ ಅಂದ್ರಿ."

"ಸುಳ್ಳು ಹೇಳ್ದೆ ಸಾರ್."

ನಾಗಭೂಷಣ ಮುಚ್ಚಿದ ಫೈಲನ್ನು ಮತ್ತೆ ತೆರೆದರು. "ಆ ಪುಟ್ಟಿ?"

"ನಂದೇ."

"ಡಿಪಾರ್ಟ್‌ಮೆಂಟ್ ಎನ್‌ಕ್ವೈರಿ ಆಗುತ್ತೆ. ಸಸ್ಪೆಂಡೂ ಆಗ್ಬಹುದು."

"ಗೊತ್ತು ಸಾರ್."

"ಪೆನ್ನು ಇಲ್ಲಿ ಕೊಡಿ. ಈ ಫೈಲ್ ಇನ್ನು ನೀವು ಮುಟ್ಟೋಹಾಗಿಲ್ಲ." ಅವಳ ಹೇಳಿಕೆಯನ್ನು ಅವರೇ ತಮ್ಮ ಕೋಳಿಕಾಲು ಅಕ್ಷರದಲ್ಲಿ ಬರೆದರು. ಮೂರು ಪುಟ. ಬರೆದು ಓದಿ ಹೇಳಿದಾಗ ಅವಳು ಒಂದು ಕಡೆ ತಿದ್ದಿಸಿದಳು. ಅವರು 'ಅರಿವಿಲ್ಲದೆ' ಎಂದು ಬರೆದಿದ್ದರು. ಅದನ್ನು ತೆಗೆಸಿದಳು.

ಮಧ್ಯಾಹ್ನ 1.30ಕ್ಕೆ ಜಗನ್ನನ ರೂಮಿನಲ್ಲಿ ಅವನ ನೋಟ್‌ಬುಕ್ ವಶಕ್ಕೆ ಬಂತು. ಶನಿವಾರದ ಪುಟದಲ್ಲಿ, 'ನಾಲ್ಕನೆಯದನ್ನು ಓದುವುದಿಲ್ಲ. ಅಶ್ವತ್ಥನಿಗೆ ಹೇಳುವುದಿಲ್ಲ.' ಅಪಾಯ ತಿಳಿದೂ ನಿಲ್ಲಿಸದೆ ಸಾವಿಗೆ ಕಾರಣನಾದ ಕಲಂ ಅಡಿಯಲ್ಲಿ 2.10ಕ್ಕೆ ಬಂಧಿಸಿ, ಕಾರಣವನ್ನು ಬರಹದಲ್ಲಿ ಕೊಟ್ಟು, ಅವನ ಅಕ್ಕನಿಗೆ ಫೋನ್ ಮಾಡಿ ತಿಳಿಸಿದರು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಪಕ್ಕದ ಕೋಣೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ರಾಧಾಮಣಿಗೆ ತೆರೆದ ಬಾಗಿಲಿನಿಂದ ಎಲ್ಲ ಕೇಳಿಸುತ್ತಿತ್ತು.

"ಯಾಕೆ ಓದ್ಲಿಲ್ಲ?"

"ನಿಲ್ಲಿಸಿ ಅಂತ ಮೊದ್ಲೇ ಹೇಳ್ಬಿಟ್ರೆ ನಿಲ್ಲಿಸ್ತಾರೆ ಸಾರ್. ಹತ್ತು ವರ್ಷ ಅದನ್ನೇ ನೋಡಿದೀನಿ. ಹೇಳಿದ್ದಕ್ಕೆ ನಿಲ್ಲೋದು ಬೇರೆ, ತಾವಾಗಿ ನಿಲ್ಲೋದು ಬೇರೆ. ಒಳಗೊಬ್ಬ ಮನುಷ್ಯ ಇದಾನೆ ಅಂತ ಒಬ್ರಿಗಾದ್ರೂ ಅನ್ಸುತ್ತೆ, ಅವ್ರು ನಿಲ್ಲಿಸ್ತಾರೆ ಅಂತ ನಂಬಿದ್ದೆ."

"ನಿಲ್ಲಿಸ್ಲಿಲ್ಲ. ಆಗಾದ್ರೂ ನೀನು ಕೂಗ್ಬಹುದಿತ್ತಲ್ಲ?"

"ಮುಂದಿನವರು ನಿಲ್ಲಿಸ್ತಾರೆ, ಅವರ ಮುಂದಿನವರು ನಿಲ್ಲಿಸ್ತಾರೆ ಅಂತ ಕಾದೆ. ಒಂಬತ್ತು ನಿಮಿಷ." ಅವನು ಅಂಗಿಯ ಮಣ್ಣನ್ನು ಉಗುರಿನಿಂದ ಕೆರೆದ. "ಮೊದಲನೇ ಸಲ ನಿಂತಿದ್ರು ಸಾರ್. ಹನ್ನೊಂದು ಸೆಕೆಂಡ್. ನಾನು ಗೆದ್ದೆ ಅನ್ಕೊಂಡೆ. ಸಾಲಲ್ಲಿ ಪೊಲೀಸ್ ಮೇಡಂ ಬೇರೆ ಇದ್ರು, ಅವರು ಪುಟ್ಟಿ ಇಳಿಸ್ತಾರೆ ಅಂತ ಕ್ಯಾಮೆರಾ ಬಿಟ್ಟು ಅವರನ್ನೇ ನೋಡ್ತಿದ್ದೆ."

ನಾಗಭೂಷಣ ಎದ್ದು ನಡುವಿನ ಬಾಗಿಲು ಹಾಕಿದರು.

ಸಂಜೆ 4.30ಕ್ಕೆ ಸುಬ್ಬಮ್ಮ ಬಂದು, ಬಂಧನದ ವಿಷಯ ಕೇಳಿಕೊಂಡು, ಸಹಿ ಹಾಕಿ ಹೊರಟರು. ಇವತ್ತೂ ಚಪ್ಪಲಿ ಬಾಗಿಲಾಚೆಯೇ ಇತ್ತು. ರಾಧಾಮಣಿ ಅವರ ಹಿಂದೆಯೇ ಹೊರಗೆ ಬಂದಳು.

"ಅಮ್ಮ. ಸೋಮವಾರ ಕೇಳಿದ್ರಲ್ಲ, ಗಂಟೆ ಒಬ್ರಿಗೂ ಕೇಳಿಸ್ಲಿಲ್ವಾ ಅಂತ."

"ಹೂಂ."

"ನಂಗೆ ಕೇಳಿಸ್ತು. ಕೇಳಿಸಿದ್ಮೇಲೂ ನಾನು ಮಣ್ಣು ಹಾಕಿದೆ."

ಸುಬ್ಬಮ್ಮ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದವರು ಹಾಗೇ ಮೆಟ್ಟಿಲ ಮೇಲೆ ಕೂತರು. ರಸ್ತೆಯಲ್ಲಿ ದೊಡ್ಡಬಳ್ಳಾಪುರದ ಬಸ್ಸೊಂದು ಹೋಯಿತು.

"ಎಷ್ಟು ಸಲ ಹೊಡ್ದ?" ಎಂದು ಕೇಳಿದರು.

"ಮೂರು ಸಲ."

ಸುಬ್ಬಮ್ಮ ತಲೆಯಾಡಿಸಿದರು. "ನಂಗೆ ಹೇಳಿದ್ದು ಸುಳ್ಳಲ್ಲ, ಹೊಡ್ದವ್ನೆ," ಎಂದರು. ಇನ್ನೊಂದು ಚಪ್ಪಲಿ ಅವರ ಕೈಯಲ್ಲೇ ಇತ್ತು.